ಲಕ್ಸ್ ಅಳತೆ ವಿಲೋಮ ವರ್ಗಕ್ಕೆ ತಾಳೆಯಾಗುತ್ತಿಲ್ಲ. ಲುಬ್ಧಕ–ಅಗಸ್ತ್ಯ ಲೆಕ್ಕವೂ ಕೂಡುತ್ತಿಲ್ಲ

ಚುಕ್ಕಿಲೆಕ್ಕ:

ಒಂಬತ್ತನೇ ತರಗತಿಗೆ ನಕ್ಷತ್ರದ ದೂರಕ್ಕೂ ಹೊಳಪಿಗೂ ಇರುವ ಸಂಬಂಧ ತೋರಿಸಬೇಕು. ಮೊದಲು ಮೇಜಿನ ಮೇಲೆ ಬಲ್ಬ್ ಇಟ್ಟು ವಿಲೋಮ ವರ್ಗ ನಿಯಮ, ಆಮೇಲೆ ಅದೇ ನಿಯಮವನ್ನು ಆಕಾಶಕ್ಕೆ ಹಚ್ಚುವುದು ಎಂಬ ಯೋಜನೆ. ಎರಡೂ ಕಡೆ ಸಿಕ್ಕು.

ಸಲಕರಣೆ: 9 ವ್ಯಾಟಿನ ದುಂಡು ಎಲ್‌ಇಡಿ ಬಲ್ಬ್, ಆಂಡ್ರಾಯ್ಡ್ ಫೋನಿನಲ್ಲಿ ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಮಾನ) ಆ್ಯಪ್, ಟೇಪು. ಬಲ್ಬಿನ ಮುಂತುದಿಯಿಂದ ಫೋನಿನ ಗಾಜಿನವರೆಗೆ ಅಳೆದ ದೂರ, ಅದರ ಎದುರು ಆ್ಯಪ್ ತೋರಿಸಿದ್ದು:

25 ಸೆಂ.ಮೀ – 1158 ಲಕ್ಸ್
50 ಸೆಂ.ಮೀ – 329
100 ಸೆಂ.ಮೀ – 94
200 ಸೆಂ.ಮೀ – 30

ದೂರ ಎರಡು ಪಟ್ಟಾದಾಗಲೆಲ್ಲ ಬೆಳಕು ನಾಲ್ಕನೇ ಒಂದಾಗಬೇಕು. ಇಲ್ಲಿ 3.5, 3.5, 3.1 ಪಟ್ಟು ಮಾತ್ರ ಇಳಿಯುತ್ತಿದೆ. ಬಲ್ಬ್ ಆರಿಸಿದರೆ ಕೋಣೆಯಲ್ಲಿ 1 ಲಕ್ಸ್ ಅಷ್ಟೇ, ಹಾಗಾಗಿ ಹೊರಗಿನ ಬೆಳಕು ಕಾರಣವಲ್ಲ ಅನ್ನಿಸುತ್ತದೆ.

ಎರಡನೆಯದು: ಲುಬ್ಧಕ 8.6 ಜ್ಯೋತಿರ್ವರ್ಷ, ಅಗಸ್ತ್ಯ ಸುಮಾರು 310. ಅಂದರೆ 36 ಪಟ್ಟು ದೂರ, ಸುಮಾರು 1300 ಪಟ್ಟು ಮಂಕಾಗಿರಬೇಕು. ಕಣ್ಣಿಗೆ ನೋಡಿದರೆ ಎರಡೂ ಹೆಚ್ಚುಕಮ್ಮಿ ಜೋಡಿಯಂತಿವೆ. ಮಕ್ಕಳು ಕೇಳಿಯೇ ಕೇಳುತ್ತಾರೆ. ಅಂಕಿ ಸಮೇತ ಹೇಗೆ ಬಿಡಿಸಿ ಹೇಳುವುದು?

ಬೆಳಕುಮಾಪಕ:

ನಿಮ್ಮ ಅಂಕಿಗಳು ಚೆನ್ನಾಗಿಯೇ ಇವೆ. ಎರಡು ಬೇರೆ ಬೇರೆ ದೋಷ ಒಂದರ ಮೇಲೊಂದು ಕೂತಿವೆ, ಬಿಡಿಸಬಹುದು.

ಮೊದಲನೆಯದು ಗೋಡೆ. ಬಲ್ಬ್ ಆರಿಸಿದಾಗ ಸಿಕ್ಕ 1 ಲಕ್ಸ್ ಹೊರಗಿನ ಬೆಳಕು ಮಾತ್ರ. ಬಲ್ಬ್ ಉರಿಯುವಾಗ ಅದರದೇ ಬೆಳಕು ಚಾವಣಿ, ಗೋಡೆ, ಮೇಜು, ನೀವು ಹಾಕಿಕೊಂಡ ಬಿಳಿ ಅಂಗಿ ಎಲ್ಲಕ್ಕೂ ಬಡಿದು ಸೆನ್ಸರಿಗೆ ಬರುತ್ತದೆ. ಬಲ್ಬ್ ಆರಿಸಿದರೆ ಅದೂ ಆರುತ್ತದೆ, ಆದ್ದರಿಂದ ಆ ವಿಧಾನದಲ್ಲಿ ಅದು ಸಿಕ್ಕಿಬೀಳುವುದೇ ಇಲ್ಲ. ಸರಿಯಾದ ಕ್ರಮ: ಬಲ್ಬ್ ಉರಿಯುತ್ತಲೇ ಇರಲಿ. 8 ಸೆಂ.ಮೀ ಚೌಕದ ಕಪ್ಪು ರಟ್ಟನ್ನು ಒಂದು ಕಡ್ಡಿಗೆ ಅಂಟಿಸಿ, ಬಲ್ಬಿಗೂ ಫೋನಿಗೂ ಸರಿಸುಮಾರು ನಡುವೆ ಹಿಡಿಯಿರಿ. ಸೆನ್ಸರಿನ ಮೇಲೆ ರಟ್ಟಿನ ನೆರಳು ಪೂರ್ತಿ ಬೀಳಬೇಕು. ಆಗ ಬರುವ ಅಂಕಿಯೇ ಕಳೆಯಬೇಕಾದ ಹಿನ್ನೆಲೆ. ಪ್ರತಿ ದೂರಕ್ಕೂ ಬೇರೆಯಾಗಿ ತೆಗೆಯಿರಿ, ಎಲ್ಲ ಕಡೆ ಅದು ಒಂದೇ ಇರುವುದಿಲ್ಲ. ರಟ್ಟನ್ನು ಸೆನ್ಸರಿಗೆ ತೀರಾ ಹತ್ತಿರ ತಂದರೆ ಗೋಡೆಯ ಬೆಳಕನ್ನೂ ಅದೇ ತಡೆದುಬಿಡುತ್ತದೆ, ಹಿನ್ನೆಲೆ ಕಡಿಮೆ ತೋರುತ್ತದೆ. ನಿಮ್ಮ ಅಂಕಿ ನೋಡಿದರೆ ಹಿನ್ನೆಲೆ 8ರಿಂದ 10 ಲಕ್ಸ್ ಇರಬೇಕು. 1158ರಲ್ಲಿ 9 ಕಳೆದರೆ ಗೊತ್ತೂ ಆಗದು, 30ರಲ್ಲಿ 9 ಅಂದರೆ ಮೂರನೇ ಒಂದು ಪಾಲು. ಕೊನೆಯ ಅಂಕಿ ಹೆಚ್ಚು ಕೆಟ್ಟಿರುವುದು ಅದಕ್ಕೇ.

ಎರಡನೆಯದು ದೂರದ ಸೊನ್ನೆ ಎಲ್ಲಿ ಎಂಬುದು. ದುಂಡು ಎಲ್‌ಇಡಿ ಬಲ್ಬಿನ ಹಾಲುಬಿಳಿ ಗೋಳ ಇಡಿಯಾಗಿ ಹೊಳೆಯುತ್ತದೆ, ಬೆಳಕು ಹರಡುವ ಕೇಂದ್ರ ಅದರ ನಡುವೆ ಇರುತ್ತದೆ. 6 ಸೆಂ.ಮೀ ವ್ಯಾಸದ ಗೋಳವಾದರೆ ಮುಂತುದಿಯಿಂದ 3 ಸೆಂ.ಮೀ ಒಳಗೆ. ನಿಮ್ಮ 25 ನಿಜಕ್ಕೆ 28, ನಿಮ್ಮ 50 ನಿಜಕ್ಕೆ 53. ದೂರದಲ್ಲಿ ಇದು ಲೆಕ್ಕಕ್ಕಿಲ್ಲ, ಹತ್ತಿರದಲ್ಲಿ ಮಾತ್ರ ಕಾಡುತ್ತದೆ. ಹಿನ್ನೆಲೆಯ ದೋಷ ದೂರದ ತುದಿಯಲ್ಲಿ, ಸೊನ್ನೆಯ ದೋಷ ಹತ್ತಿರದ ತುದಿಯಲ್ಲಿ. ಎರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಎಲ್ಲ ಅನುಪಾತವೂ 4ಕ್ಕಿಂತ ಕೆಳಗೆ ಬಂದಿದೆ.

ಸೊನ್ನೆಯನ್ನು ಊಹಿಸಬೇಕಾಗಿಯೂ ಇಲ್ಲ. ಹಿನ್ನೆಲೆ ಕಳೆದ ಲಕ್ಸಿನ ವರ್ಗಮೂಲ ತೆಗೆದು 1ನ್ನು ಅದರಿಂದ ಭಾಗಿಸಿ, ದೂರದ ಎದುರು ಗ್ರಾಫ್ ಹಾಕಿ. ನಿಯಮ ಸರಿಯಿದ್ದರೆ ನೇರ ಗೆರೆ ಬರುತ್ತದೆ. ಆ ಗೆರೆಯನ್ನು ಹಿಂದಕ್ಕೆ ಎಳೆದಾಗ ದೂರದ ಅಕ್ಷವನ್ನು ಸೊನ್ನೆಗಿಂತ ಎಷ್ಟು ಹಿಂದೆ ಕಡಿಯುತ್ತದೋ ಅಷ್ಟು ಒಳಗೆ ನಿಮ್ಮ ಬೆಳಕಿನ ಕೇಂದ್ರ ಇದೆ. ಇದೊಂದು ಗ್ರಾಫ್ ಮಕ್ಕಳ ಕೈಯಲ್ಲೇ ಹಾಕಿಸಿ. ಅನುಪಾತಗಳ ಪಟ್ಟಿಗಿಂತ ಇದು ಎಷ್ಟೋ ಮೇಲು, ಎಲ್ಲಿ ತಪ್ಪುತ್ತಿದೆ ಎಂದು ಗೆರೆ ಬಾಗಿದ ಕಡೆಯೇ ಹೇಳುತ್ತದೆ: ದೂರದ ತುದಿ ಕೆಳಕ್ಕೆ ಬಾಗಿದರೆ ಹಿನ್ನೆಲೆ ಇನ್ನೂ ಉಳಿದಿದೆ ಎಂದರ್ಥ.

ಇನ್ನು ಸಣ್ಣಪುಟ್ಟವು. ಬಲ್ಬ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ, ಎಲ್‌ಇಡಿ ಬಿಸಿಯಾಗುತ್ತ ಬೆಳಕು ಸ್ವಲ್ಪ ಇಳಿದು ನಿಲ್ಲುತ್ತದೆ. ಫೋನ್ 30 ಡಿಗ್ರಿ ವಾಲಿದರೆ 13 ಶೇಕಡಾ ಬೆಳಕು ಖೋತಾ, ಆದ್ದರಿಂದ ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ನಿಲ್ಲಿಸಿ. ಕೆಲವು ಫೋನುಗಳಲ್ಲಿ ಸೆನ್ಸರ್ ಪರದೆಯ ಅಡಿಯಲ್ಲೇ ಇರುತ್ತದೆ, ಪರದೆಯ ಬೆಳಕೇ ಅಳತೆಗೆ ಸೇರುತ್ತದೆ. ಪರದೆಯ ಪ್ರಕಾಶ ಕನಿಷ್ಠಕ್ಕೆ ಇಳಿಸಿ. ಐಫೋನಿನಲ್ಲಿ ಆ್ಯಪ್‌ಗಳಿಗೆ ಬೆಳಕಿನ ಸೆನ್ಸರ್ ಸಿಗುವುದಿಲ್ಲ, ಕ್ಯಾಮೆರಾದಿಂದ ಅಂದಾಜು ಮಾಡುತ್ತವೆ, ಈ ಕೆಲಸಕ್ಕೆ ಬೇಡ.

ಟ್ಯೂಬ್‌ಲೈಟ್, ಟಾರ್ಚ್ ಎರಡನ್ನೂ ದೂರವಿಡಿ. ಉದ್ದನೆಯ ಟ್ಯೂಬಿನ ಹತ್ತಿರ ಬೆಳಕು ದೂರದ ವರ್ಗಕ್ಕಲ್ಲ, ಸರಿಸುಮಾರು ದೂರಕ್ಕೆ ವಿಲೋಮವಾಗಿ ಇಳಿಯುತ್ತದೆ. ಟಾರ್ಚಿನಲ್ಲಿ ಪ್ರತಿಫಲಕ ಇರುವುದರಿಂದ ಬೆಳಕು ಹರಡುವ ಕೇಂದ್ರ ಟಾರ್ಚಿನ ಹಿಂದೆಲ್ಲೋ ಬೀಳುತ್ತದೆ. ಮೂಲದ ಅಗಲಕ್ಕಿಂತ ಕನಿಷ್ಠ ಐದು ಪಟ್ಟು ದೂರ ನಿಂತರೆ ಅದನ್ನು ಬಿಂದು ಎಂದು ನಂಬಬಹುದು, ದೋಷ 1 ಶೇಕಡಾ ಒಳಗಿರುತ್ತದೆ. 6 ಸೆಂ.ಮೀ ಬಲ್ಬಿಗೆ 30 ಸೆಂ.ಮೀ. ನಿಮ್ಮ 25 ಗಡಿಯಲ್ಲಿದೆ, ನಡೆಯುತ್ತದೆ.

ಸ್ವಾತಿಮಳೆ:

ಒಂದು ಸಣ್ಣ ಮಾತು. ದೂರ ಬಂದಂತೆಲ್ಲ ಬೆಳಕು "ಕ್ಷೀಣಿಸುತ್ತದೆ" ಎಂದು ತರಗತಿಯಲ್ಲಿ ಹೇಳಬೇಡಿ. ಖಾಲಿ ಜಾಗದಲ್ಲಿ ಬೆಳಕು ಏನೂ ಕಳೆದುಕೊಳ್ಳುವುದಿಲ್ಲ, ದೊಡ್ಡ ಗೋಳದ ಮೇಲೆ ಹಂಚಿಹೋಗುತ್ತದೆ ಅಷ್ಟೇ. ಭೂಮಿಯ ಬಳಿ ಪ್ರತಿ ಚದರ ಮೀಟರಿಗೆ ಸೂರ್ಯನಿಂದ ಸುಮಾರು 1361 ವ್ಯಾಟ್ ಬರುತ್ತದೆ. ನೆಪ್ಚೂನ್ 30 ಪಟ್ಟು ದೂರ, ಅಲ್ಲಿ ಅದರ 900ನೇ ಒಂದು ಪಾಲು, ಒಂದೂವರೆ ವ್ಯಾಟ್. ಆದರೆ ಎರಡೂ ಕಡೆ ಇಡೀ ಗೋಳದ ಮೇಲೆ ಕೂಡಿಸಿದರೆ ಮೊತ್ತ ಒಂದೇ: 3.83 × ಹತ್ತರ 26ನೇ ಘಾತ, ಅಷ್ಟು ವ್ಯಾಟ್. ಇದನ್ನು ಮಕ್ಕಳೇ ಗುಣಿಸಿ ನೋಡಲಿ.

ಕಾಂತಿಮಾನ:

ಅಗಸ್ತ್ಯದ ಲೆಕ್ಕಕ್ಕೆ ಬರೋಣ. ನೀವು ಮಾಡಿದ 1300 ಸರಿಯಾಗಿದೆ; ಆದರೆ ಅದು ಎರಡೂ ನಕ್ಷತ್ರ ಒಂದೇ ವ್ಯಾಟಿನ ಬಲ್ಬುಗಳಾಗಿದ್ದರೆ ಮಾತ್ರ. ಅಲ್ಲ ಎಂಬುದೇ ಇಲ್ಲಿನ ವಿಷಯ.

ಲುಬ್ಧಕದ ತೋರಿಕೆಯ ಕಾಂತಿಮಾನ (ನಮಗೆ ಕಾಣುವ ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) −1.46, ಅಗಸ್ತ್ಯದ್ದು −0.74. ಅಂತರ 0.72. ಐದು ಕಾಂತಿಮಾನದ ಅಂತರ ಅಂದರೆ ಸರಿಯಾಗಿ 100 ಪಟ್ಟು, ಒಂದು ಅಂದರೆ 2.512 ಪಟ್ಟು, 1856ರಲ್ಲಿ ಖಗೋಳಜ್ಞ ಪಾಗ್ಸನ್ ಹಾಕಿಕೊಟ್ಟ ಅಳತೆ ಇದು. 0.72 ಅಂದರೆ 1.94 ಪಟ್ಟು. ಅಂದರೆ 1300 ಪಟ್ಟು ಮಂಕಾಗಬೇಕಿದ್ದದ್ದು ಬರೀ 1.94 ಪಟ್ಟು ಮಂಕಾಗಿದೆ. 1300ನ್ನು 1.94ರಿಂದ ಭಾಗಿಸಿ: 670. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಗಸ್ತ್ಯ ಲುಬ್ಧಕಕ್ಕಿಂತ 670 ಪಟ್ಟು ಪ್ರಕಾಶಮಾನ. ಲುಬ್ಧಕ ಸೂರ್ಯನ ಸುಮಾರು 23 ಪಟ್ಟು, ಹಾಗಾದರೆ ಅಗಸ್ತ್ಯ 15 ಸಾವಿರ ಸೂರ್ಯರ ಆಸುಪಾಸು. ಲಾಗ್ ಇನ್ನೂ ಕಲಿಯದ ಮಕ್ಕಳಿಗೂ ಇಷ್ಟು ಹೇಳಬಹುದು.

ಇದರ ತದ್ವಿರುದ್ಧ ಉದಾಹರಣೆಯೂ ಬೇಕು, ಇಲ್ಲದಿದ್ದರೆ ಹೊಳೆಯುವುದೆಲ್ಲ ಹತ್ತಿರದ್ದು ಎಂಬ ನಂಬಿಕೆ ಹೋಗದು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. ಕಾಂತಿಮಾನ 11ರ ಆಚೆ, ದೂರದರ್ಶಕವಿಲ್ಲದೆ ಕಾಣುವುದೇ ಇಲ್ಲ.

ಲಾಗ್ ಗೊತ್ತಿದ್ದವರಿಗೆ ಸೂತ್ರ:

ತೋರಿಕೆಯ ಕಾಂತಿಮಾನ − ನಿರಪೇಕ್ಷ ಕಾಂತಿಮಾನ = 5 × ಲಾಗ್ (ಪಾರ್ಸೆಕ್‌ನಲ್ಲಿ ದೂರ ÷ 10)

ನಿರಪೇಕ್ಷ ಎಂದರೆ ನಕ್ಷತ್ರವನ್ನು 10 ಪಾರ್ಸೆಕ್ ದೂರದಲ್ಲಿಟ್ಟಾಗ ಕಾಣುವ ಕಾಂತಿಮಾನ. ಸೂತ್ರ ಸರಿ ಹಾಕಿದ್ದೀರೋ ಎಂದು ಪರೀಕ್ಷಿಸಲು ಸೂರ್ಯನಿಗಿಂತ ಒಳ್ಳೆಯದಿಲ್ಲ. ಸೂರ್ಯನ ತೋರಿಕೆಯ ಕಾಂತಿಮಾನ −26.74. ಒಂದು ಪಾರ್ಸೆಕ್ ಅಂದರೆ ಭೂಮಿ–ಸೂರ್ಯ ದೂರದ 2,06,265 ಪಟ್ಟು, ಹತ್ತು ಪಾರ್ಸೆಕ್ ಅಂದರೆ 20,62,650 ಪಟ್ಟು. ಅದರ ಲಾಗ್ 6.314, ಐದರಿಂದ ಗುಣಿಸಿದರೆ 31.57. −26.74ಕ್ಕೆ ಕೂಡಿಸಿ: 4.83. ಇದೇ ಸೂರ್ಯನ ನಿರಪೇಕ್ಷ ಕಾಂತಿಮಾನ. ಈಗ ತಿರುಗಿಸಿ ಕೇಳಿ, ಬರಿಗಣ್ಣಿನ ಮಿತಿ 6 ಎಂದಿಟ್ಟರೆ ಸೂರ್ಯ ಎಷ್ಟು ದೂರದವರೆಗೆ ಕಾಣುತ್ತಾನೆ? 17 ಪಾರ್ಸೆಕ್, ಸುಮಾರು 56 ಜ್ಯೋತಿರ್ವರ್ಷ. ಅಗಸ್ತ್ಯದಿಂದ ನೋಡುವವರಿಗೆ ನಮ್ಮ ಸೂರ್ಯ ಬರಿಗಣ್ಣಿಗೆ ಇಲ್ಲವೇ ಇಲ್ಲ.

ಚುಕ್ಕಿಲೆಕ್ಕ:

ಇಬ್ಬರಿಗೂ ಧನ್ಯವಾದ ಸರ್. ರಟ್ಟು ಅಡ್ಡ ಹಿಡಿದು ಅಳೆದಾಗ ಹಿನ್ನೆಲೆ ಕ್ರಮವಾಗಿ 10, 9, 9, 8 ಲಕ್ಸ್. ಕಳೆದ ಮೇಲೆ 1148, 320, 85, 22. ದೂರಕ್ಕೆ 3 ಸೆಂ.ಮೀ ಸೇರಿಸಿ, ಮೀಟರಿನಲ್ಲಿ ವರ್ಗ ಮಾಡಿ ಗುಣಿಸಿದರೆ 90.0, 89.9, 90.2, 90.7. ಗ್ರಾಫಿನ ಗೆರೆ ಹಿಂದಕ್ಕೆ ಎಳೆದರೆ ಸೊನ್ನೆಗಿಂತ 3.1 ಸೆಂ.ಮೀ ಹಿಂದೆ ಕಡಿಯುತ್ತದೆ.

ಸೂತ್ರದಲ್ಲಿ ಮಾತ್ರ ಏನೋ ಎಡವಟ್ಟು. ಸ್ಪ್ರೆಡ್‌ಶೀಟಿನಲ್ಲಿ ಅಭಿಜಿತ್ ನಕ್ಷತ್ರಕ್ಕೆ ತೋರಿಕೆ 0.03, ದೂರ 25 ಹಾಕಿದರೆ ನಿರಪೇಕ್ಷ −1.96 ಬರುತ್ತದೆ. ಎಲ್ಲ ಪಟ್ಟಿಯಲ್ಲೂ 0.6 ಇದೆ.

ಕಾಂತಿಮಾನ:

25 ಜ್ಯೋತಿರ್ವರ್ಷ, ಪಾರ್ಸೆಕ್ ಅಲ್ಲ. 3.26ರಿಂದ ಭಾಗಿಸಿ 7.67 ಹಾಕಿದರೆ 0.61 ಬರುತ್ತದೆ.

ಈ ತಪ್ಪಿಗೆ ಒಂದು ಗುರುತಿದೆ: ಯಾವ ನಕ್ಷತ್ರವಾದರೂ ಉತ್ತರ 2.57ರಷ್ಟೇ ತಪ್ಪುತ್ತದೆ, ಏಕೆಂದರೆ 3.26ರ ಲಾಗನ್ನು 5ರಿಂದ ಗುಣಿಸಿದರೆ 2.57. ಎಲ್ಲ ಸಾಲಿನಲ್ಲೂ ಅಷ್ಟೇ ವ್ಯತ್ಯಾಸ ಕಂಡರೆ ಬೇರೆ ಹುಡುಕಬೇಡಿ. ಇನ್ನೊಂದು ಸಾಮಾನ್ಯ ತಪ್ಪು ಸ್ವಾಭಾವಿಕ ಲಾಗ್ ಬಳಸುವುದು. ಆಗ ವ್ಯತ್ಯಾಸ ಒಂದೇ ಇರದು, ದೂರಕ್ಕೆ ತಕ್ಕಂತೆ ಬೆಳೆಯುತ್ತದೆ, 10 ಪಾರ್ಸೆಕ್‌ನಲ್ಲಿ ಮಾತ್ರ ಸೊನ್ನೆ. ಸ್ಪ್ರೆಡ್‌ಶೀಟಿನ ಲಾಗ್ ಸಾಮಾನ್ಯವಾಗಿ ಹತ್ತರ ಆಧಾರದ್ದು, ಪೈಥಾನಿನ ಬರೀ "ಲಾಗ್" ಸ್ವಾಭಾವಿಕ. ಒಂದು ಕಡೆ ಬರೆದ ಸೂತ್ರ ಇನ್ನೊಂದು ಕಡೆಗೆ ನಕಲು ಮಾಡುವಾಗ ಇದೇ ಕೈಕೊಡುವುದು.

ಧೂಳುಮೋಡ:

ಇಲ್ಲಿಯವರೆಗಿನ ಲೆಕ್ಕದಲ್ಲಿ ನಡುವೆ ಏನೂ ಇಲ್ಲ ಎಂದು ಒಪ್ಪಿಕೊಂಡಿದ್ದೇವೆ. ಲುಬ್ಧಕ, ಅಭಿಜಿತ್‌ಗೆ ಅದು ಸರಿ. ಕ್ಷೀರಪಥದ ತಲದಲ್ಲಿ ನೂರಾರು ಪಾರ್ಸೆಕ್ ದಾಟಿದರೆ ಧೂಳು ಲೆಕ್ಕಕ್ಕೆ ಬರುತ್ತದೆ, ಸಾವಿರ ಪಾರ್ಸೆಕ್‌ಗೆ ಒಂದು ಕಾಂತಿಮಾನದಷ್ಟು ಎಂಬುದು ಒರಟು ಅಂದಾಜು. ಸೂತ್ರದ ಬಲಕ್ಕೆ ಇನ್ನೊಂದು ಪದ ಕೂಡಿಸಬೇಕು, ಧೂಳು ನುಂಗಿದ ಕಾಂತಿಮಾನ. ಅದು 1 ಇದ್ದು ನೀವು ಬಿಟ್ಟರೆ, ಹೊಳಪಿನಿಂದ ಲೆಕ್ಕ ಹಾಕಿದ ದೂರ 1.58 ಪಟ್ಟು ಹೆಚ್ಚು ಬರುತ್ತದೆ. 1930ರಲ್ಲಿ ಖಗೋಳಜ್ಞ ಟ್ರಂಪ್ಲರ್ ತೆರೆದ ಗುಚ್ಛಗಳಲ್ಲಿ (ನಕ್ಷತ್ರಗಳ ಸಡಿಲ ಗುಂಪುಗಳಲ್ಲಿ) ಹಿಡಿದದ್ದು ಇದನ್ನೇ: ಹೊಳಪಿನಿಂದ ಅಳೆದ ದೂರವನ್ನು ನಂಬಿದರೆ ದೂರದ ಗುಚ್ಛಗಳೆಲ್ಲ ಗಾತ್ರದಲ್ಲೂ ದೊಡ್ಡವಾಗುತ್ತ ಹೋಗಬೇಕಾಗುತ್ತಿತ್ತು.

ಧೂಳು ಇದೆಯೆಂದು ತಿಳಿಯುವುದು ಬಣ್ಣದಿಂದ. ದೂರ ಬಣ್ಣವನ್ನು ಬದಲಿಸುವುದಿಲ್ಲ, ಧೂಳು ನೀಲಿಯನ್ನು ಹೆಚ್ಚು ತಿಂದು ನಕ್ಷತ್ರವನ್ನು ಕೆಂಪಾಗಿಸುತ್ತದೆ. ರೋಹಿತದಿಂದ ನಕ್ಷತ್ರದ ಬಗೆ ಗೊತ್ತಾದರೆ ಅದರ ಬಿ−ವಿ ಬಣ್ಣಾಂಕ (ನೀಲಿ ಬೆಳಕಿನ ಕಾಂತಿಮಾನದಲ್ಲಿ ಹಸಿರು–ಹಳದಿಯದನ್ನು ಕಳೆದದ್ದು) ಎಷ್ಟಿರಬೇಕೆಂದು ಗೊತ್ತು. ಅಳೆದದ್ದು ಅದಕ್ಕಿಂತ ಎಷ್ಟು ಹೆಚ್ಚೋ ಅದನ್ನು 3.1ರಿಂದ ಗುಣಿಸಿದರೆ ಹಸಿರು–ಹಳದಿ ಬೆಳಕಿನಲ್ಲಿ ಕಳೆದುಹೋದ ಕಾಂತಿಮಾನ ಸಿಗುತ್ತದೆ. ಈ 3.1 ಸರಾಸರಿ, ದಟ್ಟ ಮೋಡಗಳಲ್ಲಿ 5ರ ತನಕ ಹೋಗುತ್ತದೆ. ಕ್ಷೀರಪಥದ ಕೇಂದ್ರದ ಕಡೆ ನಷ್ಟ ಸುಮಾರು 30 ಕಾಂತಿಮಾನ, ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು ಬೆಳಕು ಮಾತ್ರ ಪಾರಾಗುತ್ತದೆ. ಅಲ್ಲಿ ದೂರದ ನಿಯಮದ ಪಾಲು ಇದರ ಅರ್ಧಕ್ಕಿಂತ ಕಡಿಮೆ!

ಧೂಳಿನಷ್ಟೇ ಕಾಟ ಕೊಡುವುದು ದೂರದ ಅಳತೆಯೇ. ಪ್ಯಾರಲ್ಯಾಕ್ಸಿನಲ್ಲಿ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ, ದೂರ ಸಿಗುವುದು ಇದರಿಂದ) 10 ಶೇಕಡಾ ಅನಿಶ್ಚಿತತೆ ಇದ್ದರೆ ನಿರಪೇಕ್ಷ ಕಾಂತಿಮಾನದಲ್ಲಿ 0.22 ಬರುತ್ತದೆ. ಡೆನೆಬ್ ನೋಡಿ. ಹಿಪ್ಪಾರ್ಕಸ್ ಉಪಗ್ರಹದ ಪ್ಯಾರಲ್ಯಾಕ್ಸ್ ಹಿಡಿದರೆ ಸುಮಾರು 1400 ಜ್ಯೋತಿರ್ವರ್ಷ, ಹಲವು ಪಟ್ಟಿಗಳಲ್ಲಿರುವುದು 2600. ದೂರ 1.85 ಪಟ್ಟು ಬದಲಾದರೆ ನಿಜ ಪ್ರಕಾಶ 3.4 ಪಟ್ಟು ಬದಲಾಗುತ್ತದೆ. ಗಾಯಾ ಉಪಗ್ರಹ ಬಂದಮೇಲೂ ಇಂಥ ಪ್ರಕಾಶಮಾನ ನಕ್ಷತ್ರಗಳ ಸಮಸ್ಯೆ ಪೂರ್ತಿ ತೀರಿಲ್ಲ, ಅವು ಅದರ ಪತ್ತೆಕಾರಕವನ್ನು ತುಂಬಿಸಿಬಿಡುತ್ತವೆ. ತರಗತಿಗೆ ಡೆನೆಬ್, ಆರ್ದ್ರಾ ಬೇಡ. ಆರ್ದ್ರಾ ತಾನೇ ಏರಿಳಿಯುವ ನಕ್ಷತ್ರ, 2020ರ ಆರಂಭದಲ್ಲಿ 1.6ರವರೆಗೆ ಮಂಕಾಗಿತ್ತು, ದೂರ ಒಂದಿಷ್ಟೂ ಬದಲಾಗದೆ.

ಚುಕ್ಕಿಲೆಕ್ಕ:

ಕೊನೆಯ ಪ್ರಶ್ನೆ. ಆಕಾಶದಲ್ಲೇ ವಿಲೋಮ ವರ್ಗವನ್ನು ಮಕ್ಕಳ ಕೈಯಿಂದ ಅಳೆಸಿ ತೋರಿಸಲು ಸಾಧ್ಯವೇ? ಡಿಎಸ್‌ಎಲ್‌ಆರ್, 50 ಎಂ.ಎಂ ಲೆನ್ಸ್, ಟ್ರೈಪಾಡ್ ಇದೆ, ನಕ್ಷತ್ರದ ಚಲನೆ ಹಿಂಬಾಲಿಸುವ ಮೌಂಟ್ ಇಲ್ಲ.

ಕೃತ್ತಿಕೆ:

ಸಾಧ್ಯ, ಒಂದೇ ಚೌಕಟ್ಟಿನಲ್ಲಿ. ವೃಷಭ ರಾಶಿಯಲ್ಲಿ ಎರಡು ಗುಚ್ಛ ಅಕ್ಕಪಕ್ಕ ಇವೆ: ಹೈಡೀಸ್ ಸುಮಾರು 47 ಪಾರ್ಸೆಕ್, ಕೃತ್ತಿಕಾ 136. ದೂರದ ಅನುಪಾತ 2.9, ಹೊಳಪಿನಲ್ಲಿ 8.4 ಪಟ್ಟು, ಕಾಂತಿಮಾನದಲ್ಲಿ 2.3. ಒಂದೇ ಬಣ್ಣದ ಸಾಮಾನ್ಯ ನಕ್ಷತ್ರಗಳ ನಿಜ ಪ್ರಕಾಶ ಹತ್ತಿರ ಹತ್ತಿರ ಒಂದೇ. ಆದ್ದರಿಂದ ಎರಡು ಗುಚ್ಛದಲ್ಲೂ ಒಂದೇ ಬಣ್ಣದವನ್ನು ಆರಿಸಿ ಹೋಲಿಸಿದರೆ ಕೃತ್ತಿಕೆಯವು 2.3ರಷ್ಟು ಮಂಕಾಗಿರಬೇಕು. ಒಂದೇ ವ್ಯಾಟಿನ ಬಲ್ಬುಗಳು ಸಿಕ್ಕಂತೆಯೇ.

ಬಿ−ವಿ 0.4ರಿಂದ 0.5ರ ನಡುವಿನವನ್ನು ತೆಗೆದುಕೊಳ್ಳಿ. ಅವು ಹೈಡೀಸ್‌ನಲ್ಲಿ 7ರ ಆಸುಪಾಸು, ಕೃತ್ತಿಕೆಯಲ್ಲಿ 9ರ ಆಸುಪಾಸು, ಎರಡೂ ನಿಮ್ಮ ಲೆನ್ಸಿಗೆ ಎಟಕುತ್ತವೆ. ಕಣ್ಣಿಗೆ ಎದ್ದು ಕಾಣುವ ನಕ್ಷತ್ರಗಳನ್ನು ಹೋಲಿಸಬೇಡಿ. ಹೈಡೀಸ್‌ನ ಪ್ರಕಾಶಮಾನವಾದ ಕೆಲವು ಉಬ್ಬಿದ ದೈತ್ಯಗಳು, ಕೃತ್ತಿಕೆಯಲ್ಲಿ ಬಿಸಿ ನೀಲಿ ನಕ್ಷತ್ರಗಳು, ಜೋಡಿ ಆಗುವುದಿಲ್ಲ. ರೋಹಿಣಿಯನ್ನಂತೂ ಬಿಡಿ, ಅದು ಗುಚ್ಛಕ್ಕೇ ಸೇರಿದ್ದಲ್ಲ, 65 ಜ್ಯೋತಿರ್ವರ್ಷದಲ್ಲಿ ನಡುವೆ ನಿಂತಿದೆ. ಸದಸ್ಯರ ಪಟ್ಟಿ, ಬಣ್ಣಾಂಕ ಎರಡನ್ನೂ ನಕ್ಷತ್ರ ಕೋಶದಿಂದ ಮೊದಲೇ ತೆಗೆದಿಟ್ಟುಕೊಳ್ಳಿ.

ಚಿತ್ರ ತೆಗೆಯುವುದು: ರಾ ಫೈಲ್ ಮಾತ್ರ, ಜೆಪೆಗ್ ಬೇಡ, ಅದರಲ್ಲಿ ಬೆಳಕಿಗೂ ಅಂಕಿಗೂ ನೇರ ಅನುಪಾತ ಉಳಿದಿರುವುದಿಲ್ಲ. ಐಎಸ್‌ಒ 800, ಎಫ್ 2.8, 5 ಸೆಕೆಂಡಿನ 30 ಚೌಕಟ್ಟು. 4.3 ಮೈಕ್ರಾನ್ ಪಿಕ್ಸೆಲ್‌ಗೆ 5 ಸೆಕೆಂಡಿನಲ್ಲಿ ನಕ್ಷತ್ರ 4 ಪಿಕ್ಸೆಲ್ ಜಾರುತ್ತದೆ, ಅದರಿಂದ ತೊಂದರೆಯಿಲ್ಲ. ಫೋಕಸ್ಸನ್ನು ಸ್ವಲ್ಪ ಕೆಡಿಸಿ, ನಕ್ಷತ್ರ ಐದಾರು ಪಿಕ್ಸೆಲ್ ಅಗಲ ಹರಡಲಿ. ಚೂಪಾಗಿಟ್ಟರೆ ಬೆಳಕೆಲ್ಲ ಒಂದೆರಡು ಪಿಕ್ಸೆಲಿಗೆ ಬಿದ್ದು, ಅದು ಸೆನ್ಸರಿನ ಕೆಂಪು ಫಿಲ್ಟರಿನ ಪಿಕ್ಸೆಲ್ ಮೇಲೋ ಹಸಿರಿನ ಮೇಲೋ ಎಂಬುದರ ಮೇಲೆ ಅಂಕಿ ಕುಣಿಯುತ್ತದೆ. ಚೌಕಟ್ಟುಗಳನ್ನು ಒಂದಕ್ಕೊಂದು ಹೊಂದಿಸಿ ಕೂಡಿಸಿ, ಹಸಿರು ಚಾನೆಲ್ ಮಾತ್ರ ಬಳಸಿ. ನಕ್ಷತ್ರದ ಸುತ್ತ ವೃತ್ತ ಹಾಕಿ ಒಳಗಿನ ಮೊತ್ತ ತೆಗೆದು, ಹೊರಗಿನ ಉಂಗುರದಿಂದ ಆಕಾಶದ ಹಿನ್ನೆಲೆ ಕಳೆಯಿರಿ. ರಟ್ಟು ಹಿಡಿದು ಮಾಡಿದ್ದೇ ಕೆಲಸ. ಎಲ್ಲ ನಕ್ಷತ್ರಕ್ಕೂ ಒಂದೇ ಅಳತೆಯ ವೃತ್ತ ಇರಲಿ. ಕೃತ್ತಿಕೆಯ ನಡುಭಾಗದಲ್ಲಿ ಪ್ರಕಾಶಮಾನ ನಕ್ಷತ್ರಗಳ ಪ್ರಭೆ ಉಂಗುರದೊಳಗೆ ನುಗ್ಗುತ್ತದೆ, ಗುಚ್ಛದ ಅಂಚಿನವನ್ನೇ ಆರಿಸಿ.

ಬರುವ ಅಂತರ 2.3ಕ್ಕಿಂತ ಒಂದೆರಡು ದಶಾಂಶ ಹೆಚ್ಚಿದ್ದರೆ ಗಾಬರಿ ಬೇಡ. ಕೃತ್ತಿಕೆಯ ಮುಂದೆ 0.1ರಷ್ಟು ಧೂಳಿದೆ. ಹೈಡೀಸ್ ನಕ್ಷತ್ರಗಳಲ್ಲಿ ಲೋಹಾಂಶ ಹೆಚ್ಚು, ಹಾಗಾಗಿ ಅದೇ ಬಣ್ಣಕ್ಕೆ ಅವು ಚೂರು ಹೆಚ್ಚು ಪ್ರಕಾಶಮಾನ. ಜೋಡಿ ನಕ್ಷತ್ರ ಒಂದೆಂದು ಕಂಡರೆ 0.75ರವರೆಗೆ ಹೆಚ್ಚು ಹೊಳೆಯುತ್ತದೆ, ಅದಕ್ಕೇ ಪ್ರತಿ ಗುಚ್ಛದಿಂದ ಕನಿಷ್ಠ ಎಂಟು ಹತ್ತು ತೆಗೆದು ಮಧ್ಯಾಂಕ ಬಳಸಿ, ಸರಾಸರಿ ಅಲ್ಲ.

ವೃಷಭ ನೆತ್ತಿಯ ಹತ್ತಿರ ಬಂದಾಗಲೇ ತೆಗೆಯಿರಿ. 30 ಡಿಗ್ರಿ ಎತ್ತರದಲ್ಲಿ ಬೆಳಕು ಎರಡು ಪಟ್ಟು ಗಾಳಿ ದಾಟಿ ಬರಬೇಕು, ನೆತ್ತಿಗೆ ಹೋಲಿಸಿದರೆ ಇನ್ನೊಂದು 0.2–0.3 ಕಾಂತಿಮಾನ ಹೋಗುತ್ತದೆ, ಎರಡು ಗುಚ್ಛಕ್ಕೂ ಒಂದೇ ಪ್ರಮಾಣದಲ್ಲಿ ಹೋಗುವುದಿಲ್ಲ. ಕೊನೆಯದಾಗಿ ಲೆನ್ಸಿನ ಮೂಲೆ. ಎಫ್ 2.8ರಲ್ಲಿ ಚೌಕಟ್ಟಿನ ಮೂಲೆಗಳು ನಡುವಿಗಿಂತ ಅರ್ಧ ಕಾಂತಿಮಾನವೂ ಮಂಕಾಗಿರಬಹುದು. ಎರಡು ಗುಚ್ಛಗಳ ನಡುವಿನ ಅಂತರ ಸುಮಾರು 12–13 ಡಿಗ್ರಿ. ಅವುಗಳ ಮಧ್ಯಬಿಂದುವನ್ನು ಚೌಕಟ್ಟಿನ ನಡುವಿಗೆ ತಂದು, ಎರಡನ್ನೂ ನಡುವಿನಿಂದ ಸಮದೂರದಲ್ಲಿಟ್ಟರೆ ಈ ನಷ್ಟ ಎರಡಕ್ಕೂ ಒಂದೇ ಆಗಿ ಕಳೆದುಹೋಗುತ್ತದೆ. ಹಾಗೆ ಇಡಲಾಗದಿದ್ದರೆ ಎಫ್ 4ಕ್ಕೆ ಹೋಗಿ, ಚೌಕಟ್ಟುಗಳನ್ನು 60 ಮಾಡಿ.